ಕೆಟರಿಂಗ್ ಮೇಷ್ಟ್ರು ಮತ್ತು ಜೀಪಿನ ಕಾಯಿಲ್

ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ನನಗೆ ಬಂದ ಘಟಕ ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ. ರೋಧ ಎಂದರೆ ಬರೀ ನಷ್ಟ ಎಂದೇ ಮಕ್ಕಳು ತಿಳಿದಿರುತ್ತಾರೆ. ಅದನ್ನು ತಿದ್ದಲು ಚಾರ್ಲ್ಸ್ ಕೆಟರಿಂಗ್ ಅವರ ಜೀವನವನ್ನು ಆರಿಸಿಕೊಂಡೆ. ಕಾಫಿ ತೋಟದ ಹಳೆಯ ಪೆಟ್ರೋಲ್ ಜೀಪನ್ನು ಕಂಡ ಮಕ್ಕಳಿಗೆ ಅವರು ದೂರದವರಲ್ಲ.

ಕೆಟರಿಂಗ್ ಹುಟ್ಟಿದ್ದು 1876ರಲ್ಲಿ, ಅಮೆರಿಕದ ಓಹಾಯೋ ರಾಜ್ಯದಲ್ಲಿ. ಮೊದಲು ಅವರು ಹಳ್ಳಿ ಶಾಲೆಯ ಶಿಕ್ಷಕರು. ಸಂಜೆ ಹೊತ್ತು ವಿದ್ಯುತ್ತು, ಕಾಂತತ್ವ, ಉಷ್ಣದ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದರು. ಮುಂದೆ ಕಾಲೇಜು ಸೇರಿದರೂ ಕಣ್ಣಿನ ತೊಂದರೆಯಿಂದ ಓದು ನಿಂತಿತು. ಟೆಲಿಫೋನ್ ತಂತಿ ಎಳೆಯುವ ತಂಡದ ಮೇಸ್ತ್ರಿಯಾಗಿ ದುಡಿದು, ಮತ್ತೆ ಓದಿ, 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. 1909ರಲ್ಲಿ ಗೆಳೆಯರೊಂದಿಗೆ ಡೆಲ್ಕೊ ಕಂಪನಿ ಕಟ್ಟಿದರು. ಅವರ ಬ್ಯಾಟರಿ-ಕಾಯಿಲ್ ಇಗ್ನಿಷನ್ 1910ರ ಕ್ಯಾಡಿಲಾಕ್ ಕಾರಿಗೂ, ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ಗೂ ಬಂದವು.

ಪಾಠದ ತಿರುಳು ಇರುವುದು ಇಲ್ಲೇ. ಈ ಎರಡೂ ಒಂದೇ ಬ್ಯಾಟರಿಗೆ ಕೈ ಚಾಚುತ್ತವೆ. ಸೆಲ್ಫ್ ಹೊಡೆದಾಗ ಮೋಟಾರು ಭಾರಿ ಪ್ರವಾಹ ಎಳೆಯುವುದರಿಂದ 12 ವೋಲ್ಟ್ ಸುಮಾರು 9ಕ್ಕೆ ಇಳಿಯಬಹುದು. ಕಾಯಿಲಿನ ರೋಧ 3 ಓಮ್ ಆಗಿದ್ದರೆ ಆಗ ಅದರಲ್ಲಿ ಹರಿಯುವುದು 3 ಆಂಪಿಯರ್ ಮಾತ್ರ. ಕಾಂತಕ್ಷೇತ್ರ ಸೊರಗುತ್ತದೆ, ಕಿಡಿಯೂ ಸೊರಗುತ್ತದೆ.

ಇದಕ್ಕೆ ಮುಂದೆ ಬಳಕೆಗೆ ಬಂದ ಉಪಾಯ ಬ್ಯಾಲಸ್ಟ್ ರೆಸಿಸ್ಟರ್. 1.5 ಓಮ್‌ನ ಕಾಯಿಲಿಗೆ 1.5 ಓಮ್‌ನ ರೋಧಕವನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಸೆಲ್ಫ್ ಹೊಡೆಯುವಾಗ ಪ್ರವಾಹ ರೋಧಕವನ್ನು ಬಿಟ್ಟು ಬೇರೆ ತಂತಿಯಲ್ಲಿ ನೇರವಾಗಿ ಕಾಯಿಲಿಗೆ ಹೋಗುತ್ತದೆ: 9 ವೋಲ್ಟಿಗೆ 6 ಆಂಪಿಯರ್. ಎಂಜಿನ್ ಓಡತೊಡಗಿದ ಮೇಲೆ ರೋಧಕದ ಮೂಲಕ ಹೋಗುತ್ತದೆ: 12 ವೋಲ್ಟಿಗೆ 4 ಆಂಪಿಯರ್.

ಹಾಗಾದರೆ ಯಾವಾಗಲೂ ನೇರ ತಂತಿಯೇ ಇದ್ದರೆ ಕಿಡಿ ಇನ್ನೂ ಜೋರಾಗುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಲೆಕ್ಕವನ್ನು ಅವನಿಂದಲೇ ಮಾಡಿಸಿದೆ. ಪ್ರವಾಹ 8 ಆಂಪಿಯರ್, ಅಂದರೆ ಎರಡು ಪಟ್ಟು. ಉಷ್ಣ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಕಾಯಿಲಿನಲ್ಲಿ ನಾಲ್ಕು ಪಟ್ಟು ಬಿಸಿ. ಪಾಯಿಂಟ್ ಕರಕಲಾಗುತ್ತದೆ, ಕಾಯಿಲ್ ಸುಡುತ್ತದೆ. ಕಳಸದ ದಾರಿಯಲ್ಲಿ, ಸುರಿಯುವ ಮಳೆಯಲ್ಲಿ ಗಾಡಿ ನಿಂತರೆ ಏನು ಗತಿ ಎಂಬುದನ್ನು ಆ ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಕೆಟರಿಂಗ್ 1958ರಲ್ಲಿ ತೀರಿಕೊಂಡರು. ಪೆಟ್ರೋಲಿಗೆ ಸೀಸ ಬೆರೆಸುವ ವಿಧಾನವೂ ಅವರ ಪ್ರಯೋಗಾಲಯದ್ದೇ. ಅದು ಜನರ ಆರೋಗ್ಯ ಕೆಡಿಸಿತು. ಭಾರತ ಅದನ್ನು ನಿಲ್ಲಿಸಿದ್ದು 2000ದಲ್ಲಿ. ವಿಜ್ಞಾನಿಯ ಜೀವನವನ್ನು ತರಗತಿಗೆ ತರುವಾಗ ಇದನ್ನೂ ಬಿಡಬಾರದು. ಪ್ರವಾಹಕ್ಕೆ ಮಿತಿ ಬೇಕು ಎಂದು ಕಲಿಸುವ ನಾವು ಹೊಗಳಿಕೆಗೂ ಮಿತಿ ಇಡಬೇಕು.