ನಗೆಯ ನಡುವೆ ಮನಸ್ಸಾಕ್ಷಿ: ಡಾನ್ ಕಮಿಲ್ಲೊ ಕಥೆಗಳ ಕರ್ತೃ ಗ್ವಾರೆಸ್ಕಿ

ಶಿಲುಬೆಯ ಮುಂದೆ ನಿಂತು ಯೇಸುಸ್ವಾಮಿಯೊಡನೆ ವಾದಕ್ಕಿಳಿಯುವ, ಸಿಟ್ಟು ಬಂದಾಗ ತೋಳೇರಿಸುವ, ಆದರೆ ಸ್ವಾಮಿಯ ಮೃದುವಾದ ಎಚ್ಚರಿಕೆಗೆ ತಲೆಬಾಗುವ ಹಳ್ಳಿಯ ಧರ್ಮಗುರು ಡಾನ್ ಕಮಿಲ್ಲೊ. ಇಟಲಿಯಲ್ಲಿ ‘ಡಾನ್’ ಎಂಬುದು ಗುರುಗಳ ಹೆಸರಿನೊಂದಿಗೆ ಸೇರುವ ಗೌರವಸೂಚಕ ಪದ. ಪುಸ್ತಕ ಹಾಗೂ ಚಲನಚಿತ್ರಗಳ ಮೂಲಕ ದೇಶದೇಶಗಳ ಜನರನ್ನು ನಗಿಸಿದ ಈ ಪಾತ್ರದ ಸೃಷ್ಟಿಕರ್ತರು ಜೊವನ್ನಿನೊ ಗ್ವಾರೆಸ್ಕಿ. ನಗಿಸಿದ ಲೇಖಕರ ಬಾಳು ಮಾತ್ರ ಸೆರೆವಾಸ, ಹಸಿವು, ನಿಂದೆಗಳ ನಡುವೆ ಸಾಗಿತು.

ಗ್ವಾರೆಸ್ಕಿಯವರು 1908ರ ಮೇ 1ರಂದು ಪಾರ್ಮಾ ಪ್ರಾಂತ್ಯದ ಫೊಂತಾನೆಲ್ಲೆ ಎಂಬ ಗ್ರಾಮದಲ್ಲಿ ಜನಿಸಿದರು. ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನ ಸಮಾಜವಾದಿಗಳು ಕಾರ್ಮಿಕ ದಿನ ಆಚರಿಸುತ್ತಿದ್ದ ಹೊತ್ತಿನಲ್ಲೇ ಹುಟ್ಟಿದ ಈ ಶಿಶುವನ್ನು ಅವರ ನಾಯಕರು ಎತ್ತಿ ಜನರಿಗೆ ತೋರಿಸಿದರೆಂದು ಹೇಳುತ್ತಾರೆ. ಭಕ್ತಿವಂತೆ ತಾಯಿಯ ಮನೆ, ಕೆಂಬಾವುಟದ ನೆರೆಹೊರೆ: ಮುಂದೆ ಬರೆದ ಕಥೆಗಳ ಲೋಕವೇ ಹುಟ್ಟಿನಲ್ಲಿ ಅವರ ಸುತ್ತಲೂ ಇತ್ತು.

ಎರಡನೆಯ ಮಹಾಯುದ್ಧದಲ್ಲಿ ಅವರು ಸೈನ್ಯದಲ್ಲಿದ್ದರು. 1943ರ ಸೆಪ್ಟೆಂಬರಿನಲ್ಲಿ ಇಟಲಿಯು ಮಿತ್ರರಾಷ್ಟ್ರಗಳೊಡನೆ ಕದನವಿರಾಮ ಸಾರಿದಾಗ ಜರ್ಮನರು ಅವರನ್ನು ಬಂಧಿಸಿದರು. ಜರ್ಮನರ ಪಕ್ಷ ಸೇರಲು ಒಪ್ಪಿದ್ದರೆ ಬಿಡುಗಡೆ ದೊರೆಯುತ್ತಿತ್ತು. ಅವರು ಒಪ್ಪಲಿಲ್ಲ, ಪೋಲೆಂಡ್ ಮತ್ತು ಜರ್ಮನಿಯ ಸೆರೆಶಿಬಿರಗಳಲ್ಲಿ ಸುಮಾರು ಎರಡು ವರ್ಷ ಕಳೆದರು. ಅವರು ಸೆರೆಯಲ್ಲಿದ್ದಾಗಲೇ ಇತ್ತ ಮನೆಯಲ್ಲಿ ಪತ್ನಿ ಎನ್ನಿಯಾ ಮಗಳಿಗೆ ಜನ್ಮವಿತ್ತರು. 1944ರ ಕ್ರಿಸ್ಮಸ್ ಕಾಲದಲ್ಲಿ ಹಸಿವು, ಚಳಿಗಳ ನಡುವೆ ಸಹಬಂದಿಗಳಿಗಾಗಿ ಗ್ವಾರೆಸ್ಕಿಯವರು ಒಂದು ಕ್ರಿಸ್ಮಸ್ ಕಥೆ ರಚಿಸಿದರು. ಸಹಬಂದಿಯೊಬ್ಬರು ಅದಕ್ಕೆ ಸಂಗೀತ ಹೊಂದಿಸಿದರು. ದ್ವೇಷ ಬೆಳೆಯಲು ಸಕಲ ಕಾರಣಗಳಿದ್ದ ನೆಲದಲ್ಲಿ ಅವರು ನಗೆಯನ್ನೂ ಭರವಸೆಯನ್ನೂ ಕಾಪಾಡಿಕೊಂಡರು.

ಊರಿಗೆ ಮರಳಿದ ಮೇಲೆ 1945ರಲ್ಲಿ ಮಿಲಾನಿನಲ್ಲಿ ‘ಕಾಂದಿದೊ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. 1946ರ ಡಿಸೆಂಬರಿನಲ್ಲಿ ಅದರಲ್ಲೇ ಡಾನ್ ಕಮಿಲ್ಲೊರ ಮೊದಲ ಕಥೆ ಪ್ರಕಟವಾಯಿತು. ಆಗ ಇಟಲಿ ಕಥೋಲಿಕ ಹಾಗೂ ಕಮ್ಯುನಿಸ್ಟ್ ಪಕ್ಷಗಳ ನಡುವೆ ಸೀಳಿಹೋಗಿತ್ತು. ಗ್ವಾರೆಸ್ಕಿಯವರು ಕಮ್ಯುನಿಸಂನ ಕಟು ವಿರೋಧಿ. ಆದರೂ ಅವರ ಕಮ್ಯುನಿಸ್ಟ್ ಮೇಯರ್ ಪೆಪ್ಪೋನೆ ದುಷ್ಟನಲ್ಲ. ತನ್ನ ಮಗುವಿಗೆ ಜ್ಞಾನಸ್ನಾನ ಕೊಡಿಸಲು ಗುರುಗಳ ಬಳಿಗೇ ಬರುವ ತಂದೆ. ಸಿದ್ಧಾಂತವನ್ನು ಎದುರಿಸಬೇಕು, ಮನುಷ್ಯನನ್ನು ಪ್ರೀತಿಸಬೇಕು ಎಂಬುದೇ ಆ ಕಥೆಗಳ ತಿರುಳು.

ಫ್ರೆಂಚ್ ನಿರ್ದೇಶಕ ಜೂಲಿಯನ್ ಡುವಿವಿಯೆ 1952ರಲ್ಲಿ ಇದನ್ನು ತೆರೆಗೆ ತಂದರು. ಫ್ರಾನ್ಸಿನ ಹಾಸ್ಯನಟ ಫೆರ್ನಾಂಡೆಲ್ ಗುರುಗಳಾಗಿಯೂ, ಇಟಲಿಯ ಜಿನೋ ಚೆರ್ವಿ ಮೇಯರರಾಗಿಯೂ ನಟಿಸಿದರು. ಪೋ ನದಿಯ ಬಳಿಯ ಬ್ರೆಶೆಲ್ಲೊ ಎಂಬ ಊರಿನಲ್ಲಿ ಚಿತ್ರೀಕರಣ ನಡೆಯಿತು. ಚಿತ್ರದಲ್ಲಿ ಬಳಸಿದ ಶಿಲುಬೆಯನ್ನು ಅಲ್ಲಿನ ದೇವಾಲಯದಲ್ಲಿ ಇಂದಿಗೂ ಕಾಣಬಹುದು. ಈ ಜೋಡಿ 1965ರವರೆಗೆ ಒಟ್ಟು ಐದು ಚಿತ್ರಗಳಲ್ಲಿ ಅಭಿನಯಿಸಿತು.

ಕೀರ್ತಿಯ ಶಿಖರದಲ್ಲಿದ್ದಾಗಲೇ ಪರೀಕ್ಷೆಯೂ ಬಂದಿತು. ಯುದ್ಧಕಾಲದಲ್ಲಿ ಕಥೋಲಿಕ ನಾಯಕ ಆಲ್ಚಿದೆ ದೆ ಗಾಸ್ಪೆರಿಯವರು ರೋಮಿನ ಮೇಲೆ ಬಾಂಬು ಹಾಕುವಂತೆ ಮಿತ್ರರಾಷ್ಟ್ರಗಳನ್ನು ಕೋರಿದ್ದರೆನ್ನುವ ಪತ್ರಗಳನ್ನು ಗ್ವಾರೆಸ್ಕಿಯವರು 1954ರಲ್ಲಿ ಪ್ರಕಟಿಸಿದರು. ಮಾಜಿ ಪ್ರಧಾನಿ ದೆ ಗಾಸ್ಪೆರಿಯವರು ಅದನ್ನು ನಿರಾಕರಿಸಿ ನ್ಯಾಯಾಲಯದ ಮೊರೆಹೊಕ್ಕರು. ಮಾನಹಾನಿಯ ಅಪರಾಧಕ್ಕೆ ಗ್ವಾರೆಸ್ಕಿಯವರಿಗೆ ಶಿಕ್ಷೆಯಾಯಿತು. ತಮ್ಮ ವಾದಕ್ಕೆ ನ್ಯಾಯ ದೊರೆಯಲಿಲ್ಲವೆಂದು ಭಾವಿಸಿದ ಅವರು ಮೇಲ್ಮನವಿ ಸಲ್ಲಿಸದೆ, ಕ್ಷಮಾದಾನವನ್ನೂ ಬೇಡದೆ, ಪಾರ್ಮಾದ ಸೆರೆಮನೆಯಲ್ಲಿ 409 ದಿನ ಕಳೆದರು. ಆ ನಡುವೆಯೇ, ಆಗಸ್ಟ್ 19ರಂದು, ದೆ ಗಾಸ್ಪೆರಿಯವರು ಕಾಲವಾದರು. ಅವರ ಸಂತಪದವಿಯ ಪ್ರಕ್ರಿಯೆ ಮುಂದೆ ಆರಂಭವಾಯಿತು. ಗುರುವನ್ನೂ ಮೇಯರನ್ನೂ ಕಥೆಕಥೆಯಲ್ಲಿ ರಾಜಿ ಮಾಡಿಸಿದ ಲೇಖಕರಿಗೆ ಸ್ವಂತ ಬಾಳಿನಲ್ಲಿ ಆ ಭಾಗ್ಯ ಒದಗಲಿಲ್ಲ. ಮನಸ್ಸಾಕ್ಷಿಯ ಛಲವುಳ್ಳವರಿಗೂ ಕ್ಷಮೆಯ ದಾರಿ ಎಷ್ಟು ಕಠಿಣವೆಂಬುದಕ್ಕೆ ಇದು ನಿದರ್ಶನ.

ಚಿತ್ರದಲ್ಲಿ ವೃದ್ಧ ಶಿಕ್ಷಕಿಯೊಬ್ಬರು ತಮ್ಮ ಶವಪೆಟ್ಟಿಗೆಯ ಮೇಲೆ ಹಳೆಯ ಅರಸರ ಧ್ವಜವಿರಲೆಂದು ಬಯಸುತ್ತಾರೆ. ಅರಸೊತ್ತಿಗೆಯ ವಿರೋಧಿಗಳಾದ ಕಮ್ಯುನಿಸ್ಟರೂ ಆ ಗುರುಮಾತೆಯ ಆಸೆಯನ್ನು ಗೌರವಿಸುತ್ತಾರೆ. 1968ರ ಜುಲೈ 22ರಂದು ಚೆರ್ವಿಯಾದಲ್ಲಿ ಹೃದಯಾಘಾತದಿಂದ ನಿಧನರಾದ ಗ್ವಾರೆಸ್ಕಿಯವರ ಶವಪೆಟ್ಟಿಗೆಯ ಮೇಲೂ ಅದೇ ಧ್ವಜವಿತ್ತು.

2015ರಲ್ಲಿ ಫ್ಲಾರೆನ್ಸಿನಲ್ಲಿ ಇಟಲಿಯ ಧರ್ಮಸಭೆಯನ್ನುದ್ದೇಶಿಸಿ ಮಾತನಾಡಿದ ಪೋಪ್ ಫ್ರಾನ್ಸಿಸರು ಪ್ರಾರ್ಥನೆ ಮತ್ತು ಜನರ ಒಡನಾಟ ಎರಡನ್ನೂ ಕೂಡಿಸಿಕೊಂಡ ಡಾನ್ ಕಮಿಲ್ಲೊರನ್ನು ಸ್ಮರಿಸಿದರು. ರಾಜಕೀಯದ ಮಾತಿಗೆ ಸಹೋದರರೇ ಮುಖ ತಿರುಗಿಸುವ, ನೆರೆಯವರು ಮಾತು ಬಿಡುವ ಮನೆಗಳು ಇಂದಿಗೂ ಇವೆ. ಜಗಳದ ಬಳಿಕ ಶಿಲುಬೆಯ ಮುಂದೆ ಒಂದು ಕ್ಷಣ ನಿಂತು, ಸ್ವಾಮಿ ಏನು ಹೇಳುವರೆಂದು ಆಲಿಸುವ ಆ ಹಳ್ಳಿಯ ಗುರುಗಳ ಅಭ್ಯಾಸ ನಮ್ಮ ಕುಟುಂಬಗಳಿಗೂ ಬರಲಿ.