ಲಿಥಿಯಂ ಕಂಡುಕೊಂಡ ಜಾನ್ ಕೇಡ್ ಮತ್ತು ಅವರ ಮೊದಲ ರೋಗಿ

ಬೈಪೋಲಾರ್ ಕಾಯಿಲೆಗೆ ಲಿಥಿಯಂ ತಗೊಳ್ಳುವವರಿಗೆ ವೈದ್ಯರು ರಕ್ತಪರೀಕ್ಷೆ ತಪ್ಪಿಸಬೇಡಿ ಅಂತ ಪದೇ ಪದೇ ಹೇಳುತ್ತಾರೆ. ಆರಾಮಾಗಿಯೇ ಇದ್ದೀನಲ್ಲ, ಮತ್ತೆ ಸೂಜಿ ಯಾಕೆ ಅಂತ ಬಹಳ ಜನರಿಗೆ ಅನ್ನಿಸುತ್ತೆ. ಈ ಪ್ರಶ್ನೆಗೆ ಉತ್ತರ ಲಿಥಿಯಂ ಕಂಡುಕೊಂಡ ವೈದ್ಯರ ಬದುಕಿನಲ್ಲೇ ಇದೆ.

ಜಾನ್ ಕೇಡ್ ಹುಟ್ಟಿದ್ದು 1912ರಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮರ್ಟೋವಾ ಎಂಬ ಸಣ್ಣ ಊರಲ್ಲಿ. ಅಪ್ಪ ವೈದ್ಯರು. ಮೊದಲ ಮಹಾಯುದ್ಧದಿಂದ ದಣಿದು ಬಂದ ಅವರು ಮಾನಸಿಕ ಆಸ್ಪತ್ರೆಗಳ ಕೆಲಸಕ್ಕೆ ಸೇರಿದರು. ಹಾಗಾಗಿ ಕೇಡ್ ಬೆಳೆದದ್ದು ಆ ಆಸ್ಪತ್ರೆಗಳ ಆವರಣದಲ್ಲೇ. ಜನ ಹೆದರುತ್ತಿದ್ದ ರೋಗಿಗಳು ಈ ಹುಡುಗನಿಗೆ ದಿನಾ ಕಾಣುವ ನೆರೆಹೊರೆಯವರಾಗಿದ್ದರು.

ಎರಡನೇ ಮಹಾಯುದ್ಧದಲ್ಲಿ ಕೇಡ್ ಸೇನಾ ವೈದ್ಯರಾಗಿ ಸಿಂಗಾಪುರಕ್ಕೆ ಹೋಗಿ ಜಪಾನೀಯರ ಸೆರೆಯಾದರು. ಚಾಂಗಿ ಶಿಬಿರದಲ್ಲಿ ಕಳೆದದ್ದು ಮೂರು ವರ್ಷಕ್ಕೂ ಹೆಚ್ಚು. ಅಲ್ಲಿ ಕೆಟ್ಟುಹೋದ ಮನಸ್ಸುಗಳನ್ನು ಕಂಡ ಅವರಿಗೆ, ಇದರ ಹಿಂದೆ ದೇಹದ ಏನೋ ರಾಸಾಯನಿಕ ಏರುಪೇರು ಇರಬೇಕು ಅನ್ನೋ ಅನುಮಾನ ಬಲವಾಯಿತು.

ಯುದ್ಧ ಮುಗಿದ ಮೇಲೆ ಅವರು ಮೆಲ್ಬರ್ನ್ ಹತ್ತಿರದ ಬಂಡೂರಾ ಆಸ್ಪತ್ರೆ ಸೇರಿದರು. ಪ್ರಯೋಗಾಲಯ ಅಂದರೆ ಬಳಕೆ ತಪ್ಪಿದ ಒಂದು ಅಡುಗೆ ಉಗ್ರಾಣ ಅಷ್ಟೇ. ರೋಗಿಗಳ ಮೂತ್ರದ ಬಾಟಲಿಗಳು ಮನೆಯ ಫ್ರಿಜ್ಜಿನಲ್ಲಿ, ಆಹಾರದ ಪಕ್ಕದಲ್ಲೇ ಇರುತ್ತಿದ್ದವು! ಆ ಮೂತ್ರವನ್ನು ಗಿನಿಪಿಗ್‌ಗಳಿಗೆ ಚುಚ್ಚಿ ನೋಡುವಾಗ, ಯೂರಿಕ್ ಆಮ್ಲವನ್ನು ಕರಗಿಸಲು ಲಿಥಿಯಂ ಲವಣ ಬಳಸಿದರು. ಲಿಥಿಯಂ ಹೋದ ಗಿನಿಪಿಗ್‌ಗಳು ಮಂಕಾಗಿ ಸುಮ್ಮನೆ ಬಿದ್ದುಕೊಂಡವು. ಅದು ವಿಷ ಏರಿದ ಮಂಪರೇ ಇದ್ದಿರಬಹುದು ಅಂತ ಆಮೇಲಿನವರು ಹೇಳಿದ್ದಾರೆ. ಕೇಡ್ ಮಾತ್ರ ಅದರಲ್ಲಿ ಮದ್ದು ಕಂಡರು. ಮೊದಲು ತಾವೇ ನುಂಗಿ ನೋಡಿದರು.

1948ರ ಮಾರ್ಚಿನಲ್ಲಿ ಮೊದಲ ರೋಗಿಗೆ ಕೊಟ್ಟರು. 51 ವರ್ಷದ ಆ ಮನುಷ್ಯ ಐದು ವರ್ಷದಿಂದ ಉನ್ಮಾದದಲ್ಲೇ ಇದ್ದವರು, ಇನ್ನು ಆಸ್ಪತ್ರೆಯೇ ಗತಿ ಅಂತ ಎಲ್ಲರೂ ಕೈಬಿಟ್ಟಿದ್ದವರು. ಕೆಲವೇ ದಿನಗಳಲ್ಲಿ ಶಾಂತರಾದರು. ಜುಲೈನಲ್ಲಿ ಮನೆಗೆ ಹೋದರು, ಹಳೇ ಕೆಲಸಕ್ಕೂ ಸೇರಿಕೊಂಡರು. 1949ರ ಸೆಪ್ಟೆಂಬರಿನಲ್ಲಿ ಕೇಡ್ ಬರೆದ ಪುಟ್ಟ ಲೇಖನ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಕತೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತೆ. ನಿಜದಲ್ಲಿ ನಿಲ್ಲಲಿಲ್ಲ.

ಮನೆಗೆ ಹೋದ ಆ ರೋಗಿ ನಿಧಾನಕ್ಕೆ ಮದ್ದು ಬಿಟ್ಟರು. ಉನ್ಮಾದ ಮರಳಿತು, ಮತ್ತೆ ಆಸ್ಪತ್ರೆ. ಕೊಟ್ಟರೆ ವಿಷದ ಲಕ್ಷಣ, ನಿಲ್ಲಿಸಿದರೆ ಉನ್ಮಾದ. ಮತ್ತೆ ಕೊಟ್ಟರು. 1950ರ ಮೇ ತಿಂಗಳಲ್ಲಿ ಅವರು ಲಿಥಿಯಂ ವಿಷದಿಂದಲೇ ತೀರಿಕೊಂಡರು. ಕೇಡ್‌ಗೆ ಇದು ದೊಡ್ಡ ಪೆಟ್ಟು. ಸ್ವಲ್ಪ ಕಾಲ ಅವರೇ ಆ ಮದ್ದಿನಿಂದ ದೂರ ಸರಿದರು. ಅತ್ತ ಅಮೆರಿಕದಲ್ಲೂ, ಹೃದ್ರೋಗಿಗಳು ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ತಿಂದು ಸತ್ತದ್ದು 1949ರಲ್ಲೇ ಸುದ್ದಿಯಾಗಿತ್ತು.

ತಪ್ಪು ಮದ್ದಿನದ್ದಾ? ಅಲ್ಲ, ಅಳತೆ ಇಲ್ಲದ್ದು. ಕಾಯಿಲೆ ಹತೋಟಿಗೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆ. ಮೆಲ್ಬರ್ನ್‌ನ ಟ್ರಾಟ್ನರ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆದು ನೋಡಿದರು. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಲ್ಲಿ ಕ್ರಮಬದ್ಧ ಪ್ರಯೋಗ ನಡೆಸಿ, ಮದ್ದು ಕೆಲಸ ಮಾಡುತ್ತೆ ಅಂತ ತೋರಿಸಿದರು. ಅಮೆರಿಕ 1970ರಲ್ಲಿ ಒಪ್ಪಿಗೆ ಕೊಟ್ಟಿತು. ಕೇಡ್ 1952ರಿಂದ ರಾಯಲ್ ಪಾರ್ಕ್ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು, 1977ರಲ್ಲಿ ನಿವೃತ್ತರಾಗಿ, 1980ರಲ್ಲಿ ನಿಧನರಾದರು. ಅಷ್ಟರಲ್ಲಿ ಅವರ ಮದ್ದು ಲೋಕವನ್ನೆಲ್ಲ ಸುತ್ತಿತ್ತು.

ಇವತ್ತು ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ಅಪಾಯ. ಕೊನೆಯ ಮಾತ್ರೆ ತಗೊಂಡು 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ಜೊತೆಗೆ ಮೂತ್ರಪಿಂಡ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆಯೂ ಆಗಾಗ ಬೇಕು. ವಾಂತಿಭೇದಿಯಾಗಿ ನೀರು ಕಳಕೊಂಡಾಗ, ಊಟದಲ್ಲಿ ಉಪ್ಪು ಒಮ್ಮೆಲೇ ಕಡಿಮೆ ಮಾಡಿದಾಗ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಅಥವಾ ಕೆಲವು ಬಿಪಿ ಮಾತ್ರೆ ನುಂಗಿದಾಗ ಲಿಥಿಯಂ ಮಟ್ಟ ಏರಬಹುದು. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಓಡಬೇಕು. ಆರಾಮಾಗಿದ್ದೀನಿ ಅಂತ ತಾವಾಗೇ ನಿಲ್ಲಿಸುವುದೂ ಅಷ್ಟೇ ಅಪಾಯ, ಕಾಯಿಲೆ ಮರಳುತ್ತೆ.

ಆ ಮೊದಲ ರೋಗಿಯ ಬದುಕಲ್ಲಿ ಈ ಎರಡೂ ಆಗಿದ್ದವು. ಅವರ ರಕ್ತ ಅಳೆಯುವ ವ್ಯವಸ್ಥೆ ಆಗ ಇರಲಿಲ್ಲ. ನಮಗೆ ಇದೆ. ಮನೆಯಲ್ಲಿ ಯಾರಾದರೂ ಲಿಥಿಯಂ ತಗೊಳ್ಳುತ್ತಿದ್ದರೆ, ಕಡೇ ಪರೀಕ್ಷೆ ಆಗಿದ್ದು ಯಾವಾಗ ಅಂತ ಇವತ್ತೇ ಕೇಳಿ.