ನಾದದ ಬೆನ್ನು ಹತ್ತಿದ ರಾಮನ್

ಸರ್ ಸಿ. ವಿ. ರಾಮನ್ ಎಂದೊಡನೆ ನಮಗೆ ನೆನಪಾಗುವುದು ಬೆಳಕು. 1928ರ ಫೆಬ್ರವರಿ 28, 1930ರ ನೊಬೆಲ್ ಪಾರಿತೋಷಕ, ಇವು ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಅದಕ್ಕೆ ಮುಂಚೆ ಎಷ್ಟೋ ವರ್ಷ ಅವರು ಬೆನ್ನು ಹತ್ತಿದ್ದು ನಾದವನ್ನು. ಆ ಕಥೆ ಹೇಳುವವರು ಕಡಮೆ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ನರು ಹದಿನೆಂಟನೆಯ ವಯಸ್ಸಿಗೇ ಎಂ.ಎ. ಮುಗಿಸಿ, 1907ರಲ್ಲಿ ಕಲಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ನಮ್ಮ ನರೋಣೆಯ ಕಡೆಯ ಮನೆಗಳಲ್ಲಾದರೆ ಅಲ್ಲಿಗೆ ಓದು ಮುಗಿಯಿತೆಂದೇ ಲೆಕ್ಕ. ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಇದು ಚೆನ್ನಾಗಿ ಗೊತ್ತು. ರಾಮನ್ನರಾದರೋ ಕಚೇರಿಗೆ ಮುಂಚೆಯೂ ಕಚೇರಿ ಬಿಟ್ಟ ಮೇಲೂ ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಓಡುತ್ತಿದ್ದರು. 1917ರಲ್ಲಿ ಆ ಹುದ್ದೆಯನ್ನೇ ಬಿಟ್ಟು, ಕಡಮೆ ಸಂಬಳದ ಪ್ರಾಧ್ಯಾಪಕ ವೃತ್ತಿಗೆ ಬಂದರು.

1920ರಲ್ಲಿ ಅವರು ಪಿಟೀಲು ನುಡಿಸುವ ಒಂದು ಯಂತ್ರವನ್ನು ಕಟ್ಟಿದರು. ಎಂಥ ವಿದ್ವಾಂಸನ ಕೈಯೂ ಒಂದೇ ಸಮನಾಗಿ ಓಡುವುದಿಲ್ಲವಷ್ಟೆ. ಅದರ ವೇಗವನ್ನೂ ಒತ್ತಡವನ್ನೂ ಅಳೆಯುವುದು ಹೇಗೆ? ಯಂತ್ರದಲ್ಲಿ ಕಮಾನು ನಿಂತಲ್ಲೇ ನಿಂತಿರುತ್ತಿತ್ತು, ಪಿಟೀಲೇ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು! ಕಮಾನು ಕುದುರೆಯಿಂದ ಇರುವ ದೂರ ಅರ್ಧವಾದರೆ ಒತ್ತಡ ನಾಲ್ಕು ಪಟ್ಟು ಬೇಕೆಂಬುದು ಇದರಿಂದ ತಿಳಿಯಿತು. ಪಿಟೀಲುಗಾರರ ಬೆರಳಿಗೆ ಗೊತ್ತಿದ್ದುದು ಲೆಕ್ಕಕ್ಕೆ ಸಿಕ್ಕಿತು.

ಆ ವರ್ಷವೇ ಮೃದಂಗದ ವಿಚಾರ. ಒಂದೇ ದಪ್ಪದ ತೊಗಲನ್ನು ಬಿಗಿದು ಬಡಿದರೆ ಅದರ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಪಶ್ಚಿಮದ ಶಾಸ್ತ್ರಜ್ಞರು ಚರ್ಮವಾದ್ಯಗಳನ್ನು ಸ್ವರವಾದ್ಯಗಳ ಪಂಕ್ತಿಯಿಂದ ಹೊರಗಿರಿಸಿದ್ದರು. ನಮ್ಮ ಮೃದಂಗ ತಬಲಗಳ ನಡುವಿನ ಕರಿಯ ಕರಣೆ ಈ ದೋಷವನ್ನು ಕಳೆಯುತ್ತದೆಂದು ರಾಮನ್ನರು ತೋರಿಸಿದರು. ತೊಗಲಿನ ಮೇಲೆ ನುಣ್ಣನೆಯ ಮರಳನ್ನು ಚೆಲ್ಲಿ, ಅದು ಗೆರೆಗಟ್ಟುವ ಬಗೆಯಿಂದ ಕಂಪನವನ್ನು ಓದಿದರು. ಮೊದಲ ಐದು ಸ್ವರಗಳು 1, 2, 3, 4, 5 ಎಂಬ ಪ್ರಮಾಣಕ್ಕೆ ಬಂದು ಕೂಡುತ್ತವೆ. ಈ ಕರಣೆಯನ್ನು ಕಂಡುಹಿಡಿದವರು ಯಾರೆಂದು ಖಚಿತವಾಗಿ ತಿಳಿಯದು. ಹೆಸರಿಲ್ಲದ ಆ ಕುಶಲಿಗಳ ಕೆಲಸವೂ ಶಾಸ್ತ್ರವೇ ಎಂದು ಲೋಕದ ಮುಂದೆ ನಿಂತು ಸಾಧಿಸಿದ್ದನ್ನು ನಾನು ನೊಬೆಲ್ಲಿಗಿಂತ ಕಡಮೆಯೆಂದು ಎಣಿಸಲಾರೆ.

1921ರಲ್ಲಿ ಲಂಡನ್ನಿನ ಸಂತ ಪಾಲರ ಇಗರ್ಜಿಯ ಪಿಸುಮಾತಿನ ಗ್ಯಾಲರಿಯನ್ನು ಪರೀಕ್ಷಿಸಿದ ಅವರು, ನಮ್ಮ ವಿಜಯಪುರದ ಗೋಲಗುಮ್ಮಟವನ್ನೂ ಬಿಡಲಿಲ್ಲ. ನಾವೆಲ್ಲ ಅಲ್ಲಿಗೆ ಪ್ರವಾಸ ಹೋಗಿ ಕೂಗಿ ಬಂದವರೇ. ಪಿಸುಮಾತು ಬಾಗಿದ ಗೋಡೆಯನ್ನು ಅಪ್ಪಿಕೊಂಡೇ ಸುತ್ತುತ್ತದೆ. ಗೋಡೆಯಿಂದ ತುಸು ತುಸುವೇ ಸರಿದಂತೆ ಅದು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಕೂಗುವವರು ಸಾವಿರ, ಕಿವಿಗೊಟ್ಟವರು ಎಷ್ಟು ಜನ?

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದವರು ಮತ್ತೆ ಬೆಂಗಳೂರನ್ನು ಬಿಟ್ಟು ನೆಲೆಸಲಿಲ್ಲ. ಬಂದ ಮರುವರ್ಷವೇ, 1934ರಲ್ಲಿ, ಮೃದಂಗದ ಮೇಲಿನ ವಿಸ್ತಾರವಾದ ಲೇಖನವನ್ನು ಪ್ರಕಟಿಸಿದರು. 1970ರ ನವೆಂಬರ್ 21ರಂದು, ತಾವೇ ಕಟ್ಟಿದ ಸಂಶೋಧನಾಲಯದಲ್ಲಿ ತೀರಿಕೊಂಡರು. ಅದರ ತೋಟದಲ್ಲಿಯೇ ಅವರ ದಹನವಾಯಿತು.